ಜೀಪ್ ಎತ್ತಿಸೋ ಮುಂಚೆ ಒಂದು ಟೇಪ್ ಹಿಡಿದು ಬನ್ನಿ

(1/7)
ಕಳೆದ ವಾರ ದೊಡ್ಡಪ್ಪನ ಜೀಪಿನ ಫೋಟೋ ಹಾಕಿದ್ದೆ, ನೆನಪಿದೆಯಾ? ಅದರ ಕೆಳಗೆ ನಮ್ಮ ಕ್ಲಾಸಿನವರೇ ಬರೆದದ್ದು: “ಮಗಾ, 4 ಇಂಚು ಎತ್ಸು.” “ದೊಡ್ಡ ಟೈರ್ ಹಾಕ್ಸು, ಆಮೇಲೆ ನೋಡು ಗತ್ತು.” ನಿಜ ಹೇಳ್ತೀನಿ, ನನಗೂ ಅದೇ ಆಸೆ ಇತ್ತು. ದೊಡ್ಡಪ್ಪನ ಹತ್ರ ಹೋಗಿ ಕೇಳಿದೆ. ಅವರು ಬೈಯಲಿಲ್ಲ. “ಎತ್ತಿಸೋದು ಆಮೇಲಾಯ್ತು, ಮೊದಲು ಎಷ್ಟು ಇಳಿದಿದೆ ಅಂತ ನೋಡು” ಅಂದು ಟೇಪ್ ಕೈಗೆ ಕೊಟ್ರು.

ಸಮನಾದ ಅಂಗಳದಲ್ಲಿ ಜೀಪ್ ನಿಲ್ಲಿಸಿ, ಆಕ್ಸಲ್ ಮೇಲಿಂದ ಚಾಸಿಸ್ ತನಕ ನಾಲ್ಕೂ ಕಡೆ ಅಳೆದೆ. ಡ್ರೈವರ್ ಕಡೆ ಹಿಂದುಗಡೆ, ಇನ್ನೊಂದು ಪಕ್ಕಕ್ಕಿಂತ ಒಂದೂಕಾಲು ಇಂಚು ಕಮ್ಮಿ. ಬಿಲ್ಲಿನ ಹಾಗೆ ಬಾಗಿರಬೇಕಾದ ಸ್ಪ್ರಿಂಗ್ ಪ್ಲೇಟು ಅಡ್ಡ ಇಟ್ಟ ಹಲಗೆಯ ಹಾಗೆ ನೆಟ್ಟಗೆ ಮಲಗಿತ್ತು. ಎರಡನೇ ಫೋಟೋದಲ್ಲಿ ಕಾಣ್ತದೆ, ನೋಡಿ.

ಈ ಗಾಡಿ ಶೋಕಿಗೆ ಇಟ್ಟಿದ್ದಲ್ಲ. ಹಳೇ ಮಹೀಂದ್ರ ಸಿಜೆ 3ಬಿ. ಮಳೆಗಾಲದಲ್ಲಿ ತೋಟದ ಕೆಲಸದವರು, ಗೊಬ್ಬರದ ಮೂಟೆ, ರಾತ್ರಿ ಹೊತ್ತಲ್ಲಿ ಊರಿನ ಕಾಯಿಲೆಯವರು, ಎಲ್ಲರನ್ನೂ ಡಾಂಬರು ರಸ್ತೆಗೆ ಮುಟ್ಟಿಸೋದು ಇದೇ. ಹಾಗಾಗಿ ಎತ್ತಿಸಬೇಕೋ ಬೇಡವೋ ಅನ್ನೋದನ್ನ ಅಂದಾಜಿನಲ್ಲಿ ತೀರ್ಮಾನ ಮಾಡೋ ಹಾಗಿರಲಿಲ್ಲ. ಈ ಜೀಪು ಇಷ್ಟೇ ಎತ್ತರ ಯಾಕಿದೆ ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಏಳು ಪೋಸ್ಟಲ್ಲಿ ಹೇಳ್ತೀನಿ, ಓದಿ.

(2/7)
ಕಥೆ ಶುರುವಾಗೋದು ಜೀಪಿಗಿಂತ ಬಹಳ ಹಿಂದೆ, ಕುದುರೆ ಗಾಡಿಯ ಕಾಲದಲ್ಲಿ. ಮೈಸೂರಿಗೆ ಹೋದಾಗ ಒಂದು ಜಟಕಾ ಗಾಡಿಯ ಕೆಳಗೆ ಬಗ್ಗಿ ನೋಡಿ. ಜೀಪಿನ ಕೆಳಗಿರೋ ವಸ್ತುವೇ ಅಲ್ಲೂ ಇರ್ತದೆ: ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ನಡುವೆ ಒಂದು ಬಿಗಿ. ಲಂಡನ್ನಿನಲ್ಲಿ ಗಾಡಿ ಕಟ್ಟುತ್ತಿದ್ದ ಒಬಡೈಯಾ ಎಲಿಯಟ್ ಅನ್ನೋರು 1804ರ ಹೊತ್ತಿಗೆ ಎರಡು ಬಿಲ್ಲುಗಳನ್ನು ಎದುರುಬದುರು ಕೂಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದರು. ಅದರಿಂದ ಗಾಡಿಯ ಉದ್ದಕ್ಕೂ ಹಾಕುತ್ತಿದ್ದ ಭಾರದ ತೊಲೆ ಬೇಡವಾಯಿತು. ಗಾಡಿ ಹಗುರವಾಯಿತು, ಕೂತವರ ಸೊಂಟವೂ ಉಳಿಯಿತು.

ಪ್ಲೇಟುಗಳನ್ನ ಯಾಕೆ ಒಂದರ ಮೇಲೊಂದು ಇಡ್ತಾರೆ? ಒಂದೇ ದಪ್ಪ ಪಟ್ಟಿ ಹಾಕಿದರೆ ಅದು ಬಾಗೋದಿಲ್ಲ, ಹಟಕ್ಕೆ ಬಿದ್ದು ಬಾಗಿಸಿದರೆ ಮುರೀತದೆ. ತೆಳು ಪಟ್ಟಿಗಳಾದರೆ ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಬಾಗ್ತದೆ. ಬಾಗುವಾಗ ಒಂದಕ್ಕೊಂದು ಉಜ್ಜಿಕೊಳ್ತವೆ, ಆ ಉಜ್ಜಾಟವೇ ಕುಣಿತವನ್ನು ಅಷ್ಟಿಷ್ಟು ಅಡಗಿಸ್ತದೆ. ಎಲ್ಲಕ್ಕಿಂತ ಉದ್ದದ್ದು ಮೇನ್ ಪ್ಲೇಟ್. ಅದರ ಎರಡೂ ತುದಿ ಸುರುಳಿ ಸುತ್ತಿರ್ತದೆ, ಅದಕ್ಕೆ ಕಣ್ಣು ಅಂತಾರೆ. ಒಂದು ಕಣ್ಣು ಚಾಸಿಸ್ಸಿಗೆ ನೇರ ಬೋಲ್ಟ್ ಆಗಿರ್ತದೆ. ಇನ್ನೊಂದು ಶಾಕಲ್ ಅನ್ನೋ ತೂಗುಪಟ್ಟಿಗೆ. ಪ್ಲೇಟು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚಾಗ್ತದಲ್ಲ, ಆ ಹೆಚ್ಚಿನ ಉದ್ದಕ್ಕೆ ಜಾಗ ಕೊಡೋದು ಶಾಕಲ್ಲಿನ ಕೆಲಸ.

ಇನ್ನೊಂದು ವಿಷಯ. ಕಾರಿನ ಸುರುಳಿ ಸ್ಪ್ರಿಂಗು ಭಾರ ಹೊರೋದು ಮಾತ್ರ ಮಾಡ್ತದೆ, ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿಯೋಕೆ ಬೇರೆ ತೋಳುಗಳು ಬೇಕು. ಜೀಪಿನ ಪ್ಲೇಟು ಎರಡೂ ಕೆಲಸ ಮಾಡ್ತದೆ. ಹಾಗಾಗಿ ಅದು ಸವೆದರೆ ಗಾಡಿ ಇಳಿಯೋದಷ್ಟೇ ಅಲ್ಲ, ಸ್ಟೇರಿಂಗ್ ದಾರಿಯೂ ತಪ್ತದೆ.

(3/7)
ಈಗ 1940ಕ್ಕೆ ಬನ್ನಿ. ಯುರೋಪಿನಲ್ಲಿ ಯುದ್ಧ ನಡೀತಿತ್ತು. ಅಮೆರಿಕದ ಸೈನ್ಯಕ್ಕೆ ಒಂದು ಚಿಕ್ಕ ಗಸ್ತು ಗಾಡಿ ಬೇಕಿತ್ತು. ಜುಲೈನಲ್ಲಿ 135 ಕಂಪನಿಗಳಿಗೆ ಕೇಳಿದರು. ಮಾದರಿ ಗಾಡಿ ಕೊಡೋಕೆ ಗಡುವು 49 ದಿನ. ತೂಕ 1,300 ಪೌಂಡ್, ಅಂದರೆ ಸುಮಾರು 590 ಕಿಲೋ ಮೀರಬಾರದು. ಎತ್ತರ? ಗಾಜು ಮಡಚಿದಾಗ 36 ಇಂಚು ದಾಟಬಾರದು!

ಇಲ್ಲೇ ಸ್ವಲ್ಪ ನಿಲ್ಲಿ. ನಾವೆಲ್ಲ ಎತ್ತರದ ಗತ್ತಿಗೆ ಗುರುತು ಅಂದುಕೊಂಡಿರೋ ಜೀಪನ್ನ ಮೊದಲು ಕೇಳಿದವರಿಗೆ ಬೇಕಾಗಿದ್ದದ್ದು ತಗ್ಗು. ಶತ್ರುವಿನ ಕಣ್ಣಿಗೆ ಬೀಳಬಾರದು, ಗುಂಡಿಗೆ ಸಿಗಬಾರದು ಅನ್ನೋದು ಲೆಕ್ಕ.

ಅಮೆರಿಕನ್ ಬಾಂಟಮ್ ಅನ್ನೋ ಚಿಕ್ಕ ಕಂಪನಿಗೆ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಎಳೆದುಕೊಟ್ಟರು. ಸೆಪ್ಟೆಂಬರ್ 23ಕ್ಕೆ, ಗಡುವಿಗೆ ಅರ್ಧ ಗಂಟೆ ಇರುವಾಗ ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರ ತಲುಪಿತು. ಆಮೇಲೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರದೂ ಸೇರಿ 6 ಲಕ್ಷ ದಾಟಿತ್ತು. ತೂಕದ ಷರತ್ತು ಮಾತ್ರ ಯಾರಿಂದಲೂ ಪಾಲಿಸೋಕಾಗಲಿಲ್ಲ. ಕೊನೆಗೆ ಗಾಡಿ 1,000 ಕಿಲೋ ಮೀರಿತು.

ವಿಲ್ಲಿಸ್ ಜೀಪಿನಲ್ಲಿ ಪ್ಲೇಟುಗಳನ್ನ ಆಕ್ಸಲ್ಲಿನ ಕೆಳಗೆ ಕಟ್ಟಿದ್ದಾರೆ. ಇದರಿಂದ ಬಾಡಿ ತಗ್ಗಿ ಕೂತಿತು, ಭಾರವೂ ನೆಲಕ್ಕೆ ಹತ್ತಿರ ಬಂತು. ಶಾಕಲ್ಲು ಇಂಗ್ಲಿಷಿನ ಯು ಅಕ್ಷರದ ಆಕಾರದ್ದು, ಅದರ ಬುಷ್‌ಗೆ ಒಳಗೆ ಮರೆ ಕೊರೆದಿರ್ತದೆ. ಅಲ್ಲಿಗೆ ಗ್ರೀಸ್ ಹೊಡೀತಾ ಇರಬೇಕು, ಬಿಟ್ಟರೆ ಮರೆ ಸವೆದು ಲೊಡಲೊಡ ಶುರು.

(4/7)
ನಮ್ಮ ಕಡೆಗೆ ಇದು ಹೇಗೆ ಬಂತು? 1945ರ ಅಕ್ಟೋಬರ್‌ನಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅಣ್ಣತಮ್ಮಂದಿರು ಮಲಿಕ್ ಗುಲಾಮ್ ಮಹಮ್ಮದ್ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಕಂಪನಿ ಕಟ್ಟಿದರು. ಹೆಸರು ಮಹೀಂದ್ರ ಆ್ಯಂಡ್ ಮಹಮ್ಮದ್. ದೇಶ ಇಬ್ಭಾಗವಾಯಿತು. ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ 1948ರಲ್ಲಿ ಕಂಪನಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಆ ದಶಕ ಮುಗಿಯೋದರೊಳಗೆ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈನಲ್ಲಿ ಜೋಡಿಸೋ ಕೆಲಸ ಶುರುವಾಗಿತ್ತು.

1953ರಲ್ಲಿ ಅಮೆರಿಕದಲ್ಲಿ ಸಿಜೆ 3ಬಿ ಬಂತು. ಹೊಸ ಎಂಜಿನ್ ಎತ್ತರ ಇದ್ದದ್ದರಿಂದ ಬಾನೆಟ್ಟನ್ನೂ ಎತ್ತರ ಮಾಡಿದರು. ದೊಡ್ಡಪ್ಪನ ಜೀಪಿನ ಉಬ್ಬಿದ ಮೂತಿಗೆ ಕಾರಣ ಇದು. ಅಮೆರಿಕದಲ್ಲಿ 1968ಕ್ಕೆ ಅದನ್ನ ನಿಲ್ಲಿಸಿದರೂ ನಮ್ಮಲ್ಲಿ ಅದೇ ವಂಶ ಮುಂದುವರಿಯಿತು. ಮಲೆನಾಡು, ಕೊಡಗಿನ ತೋಟಗಳಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಇವತ್ತಿಗೂ ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗೋ ಜೀಪುಗಳ ಸಾಲು ನೋಡಿದರೆ ಗೊತ್ತಾಗ್ತದೆ.

ಇಲ್ಲಿ ಒಂದು ಅನುಕೂಲ ಇತ್ತು. ಪ್ಲೇಟು ಮುರಿದರೆ ಕಂಪನಿ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ಲಾರಿ ಓಡಾಡೋ ಯಾವ ಪೇಟೆಯಲ್ಲೂ ಸ್ಪ್ರಿಂಗ್ ಕೆಲಸದ ಶೆಡ್ ಇರ್ತದೆ. ಪ್ಲೇಟು ಬಿಚ್ಚಿ, ಬಾಗು ಕೊಟ್ಟು, ಮುರಿದದ್ದನ್ನ ಬದಲಿಸಿ ಕೊಡ್ತಾರೆ. ಹಳೇ ಜೀಪುಗಳು ಇಷ್ಟು ಕಾಲ ಬಾಳಿದ್ದರ ಹಿಂದೆ ಆ ಶೆಡ್ಡುಗಳ ಕೈಗುಣವೂ ಇದೆ.

(5/7)
ಹಾಗಾದರೆ ಈ ಎತ್ತಿಸೋ ಹುಚ್ಚು ಎಲ್ಲಿಂದ ಬಂತು? ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜೀಪು ಜನರ ಕೈಗೆ ಸಿಕ್ಕಿತು. ರೈತರು ಉತ್ತಿದರು, ಉಳಿದವರು ಕಲ್ಲುಗುಡ್ಡ ಹತ್ತಿಸಿದರು. 1953ರಲ್ಲಿ ಕ್ಯಾಲಿಫೋರ್ನಿಯಾದ ರೂಬಿಕನ್ ದಾರಿಯಲ್ಲಿ ಮೊದಲ ಜೀಪರ್ಸ್ ಜಾಂಬೊರಿ ನಡೆಯಿತು. ಬಂಡೆ ದಾಟೋಕೆ ದೊಡ್ಡ ಟೈರ್ ಬೇಕು. ದೊಡ್ಡ ಟೈರ್ ಮಡ್‌ಗಾರ್ಡಿಗೆ ತಾಗದಿರಬೇಕಾದರೆ ಬಾಡಿ ಮೇಲೆ ಹೋಗಬೇಕು. ಲಿಫ್ಟ್ ಹುಟ್ಟಿದ್ದು ಹೀಗೆ, ಒಂದು ನಿಜವಾದ ಕೆಲಸಕ್ಕೆ.

ಅದೇ ದೇಶದಲ್ಲಿ ಇನ್ನೊಂದು ಕಥೆಯೂ ನಡೆಯಿತು. 1980ರ ಡಿಸೆಂಬರ್‌ನಲ್ಲಿ ‘60 ಮಿನಿಟ್ಸ್’ ಅನ್ನೋ ಟಿ.ವಿ. ಕಾರ್ಯಕ್ರಮದಲ್ಲಿ ಸಿಜೆ 5 ಜೀಪು ತಿರುವಿನಲ್ಲಿ ಮಗುಚೋದನ್ನ ಪರೀಕ್ಷೆ ಮಾಡಿ ತೋರಿಸಿದರು. ದೊಡ್ಡ ಚರ್ಚೆಯಾಯಿತು, ಕೋರ್ಟಿಗೆ ಹೋದವರೂ ಇದ್ದರು. 1986ರಲ್ಲಿ ಸಿಜೆ ಸಾಲಿನ ಜಾಗಕ್ಕೆ ರಾಂಗ್ಲರ್ ಬಂದಾಗ ಅದರ ಚಕ್ರಗಳ ನಡುವಿನ ಅಗಲ ಹೆಚ್ಚಾಗಿತ್ತು, ಗಾಡಿ ಸ್ವಲ್ಪ ತಗ್ಗಿತ್ತು. ಅಂದರೆ ತಯಾರಿಸೋರು ಇಳಿಸ್ತಾ ಬಂದರು, ಕೊಂಡವರು ಎತ್ತುತ್ತಾ ಬಂದರು.

ಲೆಕ್ಕದ ಪುಸ್ತಕ ತೆಗೀರಿ. ಹಳೇ ವಿಲ್ಲಿಸ್ ಜೀಪಿನ ಎಡ-ಬಲ ಚಕ್ರಗಳ ನಡುವೆ ಸುಮಾರು 49 ಇಂಚು, ಅರ್ಧ 24.5. ಗುರುತ್ವ ಕೇಂದ್ರ ನೆಲದಿಂದ 26 ಇಂಚು ಮೇಲಿದೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. 24.5 ಭಾಗಿಸು 26, ಬಂದದ್ದು 0.94. ಈಗ 4 ಇಂಚು ಎತ್ತಿಸಿ. ಆಕ್ಸಲ್, ಚಕ್ರ ಕೆಳಗೇ ಉಳಿಯೋದರಿಂದ ಕೇಂದ್ರ 3 ಇಂಚು ಏರ್ತದೆ ಅನ್ನೋಣ. 24.5 ಭಾಗಿಸು 29, ಬಂದದ್ದು 0.84. ಮಗುಚದೆ ತಡೆಯೋ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಹೋಯ್ತು. ಇದು ಖಾಲಿ ಗಾಡಿಯ ಲೆಕ್ಕ. ಹಿಂದಿನ ಸೀಟಿನಲ್ಲಿ ಆರು ಜನ ಕೂತರೆ ಕೇಂದ್ರ ಇನ್ನೂ ಮೇಲೆ.

(6/7)
ಎತ್ತಿಸೋದರಲ್ಲಿ ಮೂರು ದಾರಿ ಇದೆ. ಒಂದೊಂದೂ ಏನು ಕೊಡ್ತದೆ, ಏನು ಕಿತ್ಕೊಳ್ತದೆ ಅಂತ ಗೊತ್ತಿರಲಿ.

ಒಂದು, ಉದ್ದದ ಶಾಕಲ್. ಅಗ್ಗ, ಅರ್ಧ ದಿನದ ಕೆಲಸ. ಆದರೆ ಶಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏರೋದು ಸುಮಾರು 1 ಇಂಚು, ಯಾಕೆಂದರೆ ಸ್ಪ್ರಿಂಗಿನ ಒಂದೇ ತುದಿ ತಾನೆ ಇಳಿಯೋದು? ಈ ಜೀಪುಗಳಲ್ಲಿ ಮುಂದಿನ ಶಾಕಲ್ ಮೂತಿಯ ಕಡೆಗಿದೆ. ಅದನ್ನ ಉದ್ದ ಮಾಡಿದರೆ ಆಕ್ಸಲ್ ತಿರುಚಿಕೊಂಡು ಕ್ಯಾಸ್ಟರ್ ಕಮ್ಮಿಯಾಗ್ತದೆ. ಆಮೇಲೆ ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋಲ್ಲ. ಗಾಡಿ ರಸ್ತೆ ತುಂಬಾ ಅಲೆದಾಡ್ತದೆ.

ಎರಡು, ಹೆಚ್ಚು ಬಾಗಿನ ಹೊಸ ಪ್ಲೇಟು. ಇದು ಸ್ವಲ್ಪ ಮರ್ಯಾದಸ್ಥ ದಾರಿ. ಆದರೆ ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸು ಎಲ್ಲದರ ಉದ್ದ ಮತ್ತೆ ನೋಡಬೇಕು.

ಮೂರು, ಆಕ್ಸಲ್ ಕೆಳಗಿದ್ದ ಪ್ಲೇಟನ್ನ ಮೇಲಕ್ಕೆ ತರೋದು. ಒಂದೇ ಏಟಿಗೆ ಸುಮಾರು 5 ಇಂಚು. ಫೋಟೋದಲ್ಲಿ ಭರ್ಜರಿ. ಆದರೆ ಆಕ್ಸಲ್ ಮೇಲೆ ಹೊಸ ಕೂರು ವೆಲ್ಡ್ ಆಗಬೇಕು, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗ್ತದೆ, ಸ್ಟೇರಿಂಗಿನ ಡ್ರ್ಯಾಗ್ ಲಿಂಕ್ ಓರೆಯಾಗಿ ಪ್ರತಿ ಗುಂಡಿಗೂ ಚಕ್ರ ತಾನೇ ತಿರುಗ್ತದೆ. ಜೋರಾಗಿ ಎಳೆಯುವಾಗ ಪ್ಲೇಟು ಹಾವಿನ ಹಾಗೆ ಎರಡು ಕಡೆ ಬಳುಕ್ತದೆ. ಸೈನ್ಯದವರ 36 ಇಂಚಿನ ಲೆಕ್ಕವನ್ನೇ ತಲೆಕೆಳಗು ಮಾಡಿದ ಹಾಗೆ.

ಇನ್ನೊಂದು ಗುಟ್ಟು: ಈ ಮೂರರಲ್ಲಿ ಯಾವುದೂ ಆಕ್ಸಲ್ ನಡುವಿನ ಗುಂಡನ್ನು, ಅಂದರೆ ಡಿಫರೆನ್ಶಿಯಲ್ಲನ್ನು ನೆಲದಿಂದ ಒಂದು ಕೂದಲೆಳೆಯಷ್ಟೂ ಎತ್ತೋದಿಲ್ಲ. ಕಲ್ಲಿಗೆ ಮೊದಲು ಬಡಿಯೋದು ಅದೇ. ಅದನ್ನ ಎತ್ತೋದು ಟೈರ್ ಒಂದೇ, ಅದೂ ಟೈರ್ 4 ಇಂಚು ದೊಡ್ಡದಾದರೆ ಏರೋದು 2 ಇಂಚು. ಬಾಡಿ ಎತ್ತಿದ್ದರಿಂದ ಸಿಗೋದು ಆ ಟೈರಿಗೆ ಜಾಗ, ದಿಬ್ಬ ಹತ್ತಿ ಇಳಿಯುವಾಗ ಮೂತಿ, ಹೊಟ್ಟೆ ತಾಗದ ಹಾಗೆ ಕೋನ.

(7/7)
ಕಾನೂನು ಏನು ಹೇಳ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಬದಲಾವಣೆ ಬಗ್ಗೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ಆರ್.ಸಿ.ಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ವಾಹನ ಬದಲಿಸುವಂತಿಲ್ಲ ಅಂತ ಸ್ಪಷ್ಟ ಮಾಡಿತು. ಸವೆದ ಜಾಗಕ್ಕೆ ಅದೇ ಅಳತೆಯ ಪಾರ್ಟ್ ಹಾಕೋದು ದುರಸ್ತಿ. ಗಾಡಿಯ ಆಕಾರವನ್ನೇ ಬದಲಿಸೋದು ಬೇರೆ ಮಾತು.

ನಾವು ಮಾಡಿದ್ದು ದುರಸ್ತಿ. ನಾಲ್ಕೂ ಪ್ಲೇಟ್ ಸೆಟ್ ಬಿಚ್ಚಿದೆವು. ಡ್ರೈವರ್ ಕಡೆ ಹಿಂದಿನ ಸೆಟ್ಟಿನಲ್ಲಿ ಮೂರನೇ ಪ್ಲೇಟು ಮುರಿದು ಒಳಗೇ ಕೂತಿತ್ತು, ಹೊರಗಿಂದ ಕಾಣ್ತಿರಲಿಲ್ಲ. ಅದೇ ಅಳತೆಯ ಹೊಸ ಸೆಟ್, ಹೊಸ ಬುಷ್, ಶಾಕಲ್, ಶಾಕ್ ಅಬ್ಸಾರ್ಬರ್. ಯು ಬೋಲ್ಟುಗಳೂ ಹೊಸದೇ, ಒಮ್ಮೆ ಬಿಗಿದು ಹಿಗ್ಗಿದ್ದನ್ನ ಮತ್ತೆ ಹಾಕಬಾರದು. ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿದೆವು. ಅದು ತಪ್ಪಿದರೆ ಆಕ್ಸಲ್ಲೇ ಹಿಂದೆ ಮುಂದೆ ಸರೀತದೆ. ರಬ್ಬರ್ ಬುಷ್ ಹಾಕೋರು ಒಂದು ನೆನಪಿಡಿ: ಕಡೇ ಬಿಗಿ ಜಾಕ್ ಮೇಲಿದ್ದಾಗ ಬೇಡ. ಗಾಡಿಯನ್ನ ನೆಲಕ್ಕೆ ಇಳಿಸಿ ಅದರ ಭಾರ ಅದರ ಮೇಲೇ ಬಿದ್ದ ಮೇಲೆ ಬಿಗೀರಿ, ಇಲ್ಲಾಂದ್ರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರೀತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಯು ಬೋಲ್ಟ್ ಮತ್ತೊಮ್ಮೆ ಬಿಗಿಯೋದು ಮರೀಬೇಡಿ.

ಮತ್ತೆ ಟೇಪ್ ಹಿಡಿದೆ. ಡ್ರೈವರ್ ಕಡೆ ಹಿಂದೆ 2 ಇಂಚು ಏರಿತ್ತು, ಇನ್ನೊಂದು ಪಕ್ಕ ಮುಕ್ಕಾಲು ಇಂಚು. ಎರಡೂ ಕಡೆ ಈಗ ಸಮ. ಲಿಫ್ಟ್ ಕಿಟ್ ಇಲ್ಲ, ವೆಲ್ಡಿಂಗ್ ಇಲ್ಲ. ನನಗೆ ಬೇಕಾಗಿದ್ದ ಎತ್ತರದಲ್ಲಿ ಅರ್ಧ, ಈ ಜೀಪು ವರ್ಷಗಳಿಂದ ಕಳ್ಕೊಂಡಿದ್ದ ಎತ್ತರವೇ ಆಗಿತ್ತು.

ಆ 4 ಇಂಚಿನ ಆಸೆ ಪೂರ್ತಿ ಹೋಯ್ತಾ ಅಂತ ಕೇಳಿದರೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮೊನ್ನೆ ರಾತ್ರಿ ಮಳೆಯಲ್ಲಿ ಪಕ್ಕದ ಮನೆ ಅಜ್ಜಿಯನ್ನ ಹಿಂದೆ ಮಲಗಿಸಿಕೊಂಡು ದೊಡ್ಡಪ್ಪ ಇಳಿಜಾರು ಇಳಿದರು. ನಾನೂ ಪಕ್ಕದಲ್ಲಿದ್ದೆ. ತಿರುವಿನಲ್ಲಿ ಜೀಪು ವಾಲಲಿಲ್ಲ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬಂತು. ಅಜ್ಜಿ ಈಗ ಮನೆಗೆ ಬಂದಿದ್ದಾರೆ.

ನಿಮ್ಮ ಮನೆಯಲ್ಲೂ ಹಳೇ ಜೀಪ್ ಇದ್ದರೆ ಭಾನುವಾರ ಸಮನಾದ ಜಾಗದಲ್ಲಿ ನಿಲ್ಲಿಸಿ ಅಳೀರಿ. ನಾಲ್ಕು ಅಳತೆ ಕೆಳಗೆ ಬರೀರಿ, ಎಡ-ಬಲ ಎಷ್ಟು ವ್ಯತ್ಯಾಸ ಇದೆ ಅಂತ ಒಟ್ಟಿಗೆ ನೋಡೋಣ.

#ಹಳೇಜೀಪು #ಸ್ಪ್ರಿಂಗ್‌ಪ್ಲೇಟು #ಮಲೆನಾಡು #ಗಾಡಿಯಇತಿಹಾಸ