ಮೂಗಿಗೆ ಕ್ಲಿಪ್ಪು

ನಮ್ಮೂರಿನ ಮಹಿಳಾ ಸಮಾಜದಲ್ಲಿ ಅಧ್ಯಕ್ಷೆಯನ್ನು ಅವಿರೋಧವಾಗಿ ಆರಿಸುವುದೇ ರೂಢಿ. ಒಂದು ವರ್ಷ ಮಾತ್ರ ಇಬ್ಬರು ಹಟ ಹಿಡಿದು ನಿಂತರು. ನನಗೆ ಇಬ್ಬರೂ ಬೇಡ. ಒಬ್ಬರು ಲೆಕ್ಕಪತ್ರ ಕೇಳಿದರೆ ಮಾತು ತೇಲಿಸುವವರು. ಇನ್ನೊಬ್ಬರು ಸಮಾಜದ ಹೊಸ್ತಿಲು ಯಾರು ದಾಟಬೇಕು, ಯಾರು ದಾಟಬಾರದು ಎಂದು ಜಾತಿ ನೋಡಿ ತೂಗುವವರು. ರಾತ್ರಿಯೆಲ್ಲ ಯೋಚಿಸಿ ಲೆಕ್ಕ ಕೊಡದವರಿಗೇ ಚೀಟಿ ಹಾಕಿ ಬಂದೆ. ಅವರು ಗೆದ್ದರು. ಮರುದಿನ ಮನೆಗೆ ಪೇಡೆ ತಂದು, "ನೀವೆಲ್ಲ ನನ್ನ ಮೇಲೆ ಇಟ್ಟಿರೋ ಪ್ರೀತಿ ನೋಡಿ ಕಣ್ಣು ತುಂಬಿ ಬಂತು ಕಣ್ರೀ" ಎಂದರು. ಏನು ಹೇಳಲಿ? ಸುಮ್ಮನೆ ಪೇಡೆ ತಿಂದೆ.

ಇಂಥದೇ ಪೇಡೆಯನ್ನು ಒಂದು ಇಡೀ ದೇಶ ತಿಂದ ಕತೆ ನನಗೆ ಆಗಾಗ ನೆನಪಾಗುತ್ತದೆ. ಅದು 2002ರ ಫ್ರಾನ್ಸ್ ದೇಶದ ಅಧ್ಯಕ್ಷ ಚುನಾವಣೆ.

ಅಲ್ಲಿನ ಪದ್ಧತಿ ನಮ್ಮಂತಲ್ಲ. ದೇಶದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅದೂ ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮುಂದಿರುವ ಇಬ್ಬರನ್ನು ಉಳಿಸಿಕೊಂಡು ಎರಡು ವಾರದ ನಂತರ ಮತ್ತೆ ಮತದಾನ. ಮೊದಲ ಸುತ್ತಿನಲ್ಲಿ ಬೇಕಾದವರನ್ನು ಆರಿಸು, ಎರಡನೆಯದರಲ್ಲಿ ಬೇಡವಾದವರನ್ನು ಕಳಿಸು ಎಂಬ ಮಾತೇ ಅಲ್ಲಿ ಬಳಕೆಯಲ್ಲಿದೆ. ಸೊಪ್ಪು ಸೋಸುವ ಹಾಗೆ ಎನ್ನಿ.

ಆ ವರ್ಷ ಕಣದಲ್ಲಿದ್ದವರು 16 ಮಂದಿ. ಅವರಲ್ಲಿ ಇಬ್ಬರೇ ದೊಡ್ಡವರು ಎಂದು ಎಲ್ಲರೂ ತಿಳಿದಿದ್ದರು. ಒಬ್ಬರು ಅಧ್ಯಕ್ಷ ಜಾಕ್ ಶಿರಾಕ್, ಬಲಪಕ್ಷದವರು. ಇನ್ನೊಬ್ಬರು ಪ್ರಧಾನಿ ಲಿಯೊನೆಲ್ ಜೋಸ್ಪಿನ್, ಸಮಾಜವಾದಿ. 1997ರಿಂದ ಐದು ವರ್ಷ ಇಬ್ಬರೂ ಒಂದೇ ಸರ್ಕಾರ ನಡೆಸಿದ್ದರು, ಒಂದೇ ಒಲೆಯ ಮುಂದೆ ಮಾತು ಬಿಟ್ಟ ಇಬ್ಬರು ಓರಗಿತ್ತಿಯರ ಹಾಗೆ. ಕೊನೆಯ ಸುತ್ತು ಇವರಿಬ್ಬರ ನಡುವೆಯೇ ಎಂದು ಎಲ್ಲ ಸಮೀಕ್ಷೆಗಳೂ ಹೇಳಿದ್ದವು. ಹಾಗಾಗಿ ಜನರಿಗೆ ಮೊದಲ ಸುತ್ತೆಂದರೆ ಉದಾಸೀನ. ಕೆಲವು ಕಡೆ ಶಾಲೆಗಳಿಗೆ ರಜೆ ಬೇರೆ. ನೂರಕ್ಕೆ 28 ಮಂದಿ ಮತಗಟ್ಟೆಗೇ ಹೋಗಲಿಲ್ಲ. ಹೋದವರಲ್ಲೂ ಅನೇಕರು, ಹೇಗೂ ಮುಂದಿನ ಸಲ ಜೋಸ್ಪಿನ್‌ಗೆ ಹಾಕುತ್ತೇವಲ್ಲ ಎಂದುಕೊಂಡು ಈ ಸಲಕ್ಕೆ ಮನಸ್ಸಿಗೆ ಹತ್ತಿರವಾದ ಸಣ್ಣ ಪಕ್ಷಗಳಿಗೆ ಹಾಕಿ ಬಂದರು.

ಏಪ್ರಿಲ್ 21ರ ರಾತ್ರಿ ಎಂಟು ಗಂಟೆಗೆ ಟಿ.ವಿ. ಪರದೆಯ ಮೇಲೆ ಎರಡು ಮುಖ ಬಂದವು. ಒಂದು ಶಿರಾಕ್, ಶೇಕಡಾ 19.88. ಇನ್ನೊಂದು ಜಾನ್-ಮರಿ ಲ ಪೆನ್, ಶೇಕಡಾ 16.86. ಜೋಸ್ಪಿನ್ 16.18ಕ್ಕೆ ನಿಂತಿದ್ದರು. ಅಂತರ ಎರಡು ಲಕ್ಷ ಮತಕ್ಕೂ ಕಡಿಮೆ. ಅದೇ ರಾತ್ರಿ ಜೋಸ್ಪಿನ್ ರಾಜಕೀಯದಿಂದ ನಿವೃತ್ತನಾಗುತ್ತೇನೆಂದು ಸಾರಿದರು.

ಈ ಲ ಪೆನ್ ಯಾರು? 1972ರಲ್ಲಿ ಕಟ್ಟಿದ ನ್ಯಾಷನಲ್ ಫ್ರಂಟ್ ಪಕ್ಷದ ಮುಖಂಡ. ಹೊರಗಿನಿಂದ ಬಂದು ನೆಲೆಸಿದವರ ಮೇಲೆ, ಅದರಲ್ಲೂ ಉತ್ತರ ಆಫ್ರಿಕದ ಜನರ ಮೇಲೆ ಕಿಡಿಕಾರಿಯೇ ಬೆಳೆದವರು. ಹಿಟ್ಲರನ ಕಾಲದಲ್ಲಿ ಯೆಹೂದ್ಯರನ್ನು ಕೊಂದ ವಿಷಾನಿಲದ ಕೋಣೆಗಳು ಎರಡನೆಯ ಮಹಾಯುದ್ಧದ ಇತಿಹಾಸದಲ್ಲಿ ಒಂದು ಸಣ್ಣ ವಿವರ ಅಷ್ಟೇ ಎಂದು 1987ರಲ್ಲಿ ಹೇಳಿ ನ್ಯಾಯಾಲಯದಲ್ಲಿ ದಂಡ ಕಟ್ಟಿದವರು. ಪಕ್ಕದ ಮನೆಯಿಂದ ಪೊಲೀಸರು ಮಕ್ಕಳನ್ನೂ ಬಿಡದೆ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡ ಮುದುಕಿಯರು ಆ ದೇಶದಲ್ಲಿ ಇನ್ನೂ ಬದುಕಿದ್ದರು. ಅವರ ಕಿವಿಗೆ ಈ ಮಾತು ಹೇಗೆ ಬಿದ್ದಿರಬೇಕು!

ಹಾಗೆಂದು ಶಿರಾಕ್ ಏನು ಬಂಗಾರವೇ? ಅವರು 18 ವರ್ಷ ಪ್ಯಾರಿಸ್ಸಿನ ಮೇಯರ್ ಆಗಿದ್ದವರು. ನಗರಸಭೆಯ ಹಣದಲ್ಲಿ ತಮ್ಮ ಪಕ್ಷದವರಿಗೆ ಸುಳ್ಳು ನೌಕರಿ ಕೊಟ್ಟು ಸಂಬಳ ಎಣಿಸಿದರೆಂಬ ಆರೋಪ ಬೆನ್ನಿಗಿತ್ತು. ದಂಪತಿಗಳ ಊಟೋಪಚಾರಕ್ಕೆಂದೇ 1987ರಿಂದ 1995ರವರೆಗೆ 20 ಲಕ್ಷ ಯೂರೋಗೂ ಹೆಚ್ಚು ಖರ್ಚು ತೋರಿಸಿದ್ದರು ಎಂಬುದನ್ನು ಓದಿದಾಗ ನಾನು ನನ್ನ ದಿನಸಿ ಚೀಟಿಯನ್ನು ಒಮ್ಮೆ ನೋಡಿಕೊಂಡೆ. ಟಿ.ವಿ.ಯ ಗೊಂಬೆಯಾಟದಲ್ಲಿ ಅವರಿಗಿದ್ದ ಹೆಸರೇ ಮಹಾ ಸುಳ್ಳುಗಾರ. ಅಧ್ಯಕ್ಷ ಪದವಿಯಲ್ಲಿ ಇರುವವರೆಗೆ ಕೋರ್ಟಿನ ಕೈ ಅವರನ್ನು ಮುಟ್ಟುವಂತಿರಲಿಲ್ಲ. ಕೊನೆಗೆ 2011ರಲ್ಲಿ ಆ ಸುಳ್ಳು ನೌಕರಿಗಳ ವಿಚಾರದಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು, ಎರಡು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು.

ಎಡಪಕ್ಷದ ಮನೆಗಳಲ್ಲಿ ಹುಟ್ಟಿ ಬೆಳೆದು, ಬದುಕಿನುದ್ದಕ್ಕೂ ಶಿರಾಕರನ್ನು ಬೈದುಕೊಂಡೇ ಬಂದ ಲಕ್ಷಾಂತರ ಹೆಂಗಸರು ಗಂಡಸರು ಈಗ ಏನು ಮಾಡಬೇಕು? ಫಲಿತಾಂಶ ಬಂದ ರಾತ್ರಿಯೇ ಬೀದಿಗಿಳಿದರು. ಮೇ 1ರಂದು ದೇಶದ ಊರೂರುಗಳಲ್ಲಿ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆ ಹೊರಟರು. ಇನ್ನೂ ಮತದ ವಯಸ್ಸಾಗದ ಶಾಲಾ ಮಕ್ಕಳೂ ಇದ್ದರು. ಅವರ ಫಲಕಗಳ ಮೇಲೆ ಇದ್ದದ್ದು, ಕಳ್ಳನಿಗೆ ಹಾಕಿ, ಫ್ಯಾಸಿಸ್ಟನಿಗೆ ಬೇಡ ಎಂಬ ಅರ್ಥದ ಮಾತು. ತಾನು ಗೆಲ್ಲಿಸಬೇಕೆನ್ನುವ ಅಭ್ಯರ್ಥಿಯನ್ನೇ ಕಳ್ಳನೆಂದು ಕೂಗಿ ಮತ ಕೇಳಿದ ಪ್ರಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲವರು ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಮತಗಟ್ಟೆಗೆ ಹೋಗೋಣವೆಂದರು. ಕೆಲವರು ಪಾತ್ರೆ ತೊಳೆಯುವ ರಬ್ಬರ್ ಕೈಚೀಲ ಹಾಕಿಕೊಂಡು ಚೀಟಿ ಮುಟ್ಟೋಣವೆಂದರು. ಹಾಗೆ ಮಾಡಿದರೆ ಯಾರಿಗೆ ಮತವೆಂಬುದು ಬಯಲಾಗಿ ಗುಟ್ಟು ಕೆಡುತ್ತದೆಂದು ಅಧಿಕಾರಿಗಳು ಎಚ್ಚರಿಸಬೇಕಾಯಿತು. ನಗು ಬರುತ್ತದೆ, ನಿಜ. ಆದರೆ ಆ ಕ್ಲಿಪ್ಪಿನ ಸಂಕಟ ಸಣ್ಣದಲ್ಲ. ಅಲ್ಲಿ ಮೇಜಿನ ಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರಿನ ಚೀಟಿಗಳ ಕಟ್ಟು ಬೇರೆ ಬೇರೆ ಇರುತ್ತದೆ. ಪರದೆಯ ಮರೆಯಲ್ಲಿ ಬೇಕಾದ ಚೀಟಿಯನ್ನು ಲಕೋಟೆಗೆ ಹಾಕಿ ಗಾಜಿನಂತೆ ಒಳಗೆಲ್ಲ ಕಾಣುವ ಪೆಟ್ಟಿಗೆಗೆ ಬಿಡಬೇಕು. "ಮತ ಹಾಕಿದರು" ಎಂದು ಅಧಿಕಾರಿ ಗಟ್ಟಿಯಾಗಿ ಕೂಗುತ್ತಾರೆ. ಯಾಕೆ ಹಾಕಿದರು ಎಂದು ಬರೆಯಲು ಆ ಚೀಟಿಯಲ್ಲಿ ಜಾಗವಿಲ್ಲ. ಬರೆದರೆ ಮತವೇ ಅಸಿಂಧು. ಕಾರಣವನ್ನು ಚೀಟಿಯ ಮೇಲೆ ಬರೆಯಲಾಗದವರು ಮೂಗಿನ ಮೇಲೆ ಬರೆದುಕೊಳ್ಳಲು ಹೊರಟಿದ್ದರು.

ಇಲ್ಲಿ ಒಂದು ದಿನಾಂಕದ ವಿಷಯ ಹೇಳಬೇಕು. ಏಪ್ರಿಲ್ 21 ಫ್ರಾನ್ಸಿನ ಹೆಂಗಸರಿಗೆ ಸುಮ್ಮನೆ ಯಾವುದೋ ದಿನವಲ್ಲ. 1944ರ ಅದೇ ಏಪ್ರಿಲ್ 21ರಂದು, ದೇಶವಿನ್ನೂ ಜರ್ಮನರ ಹಿಡಿತದಲ್ಲಿರುವಾಗ, ಅಲ್ಜೀರ್ಸಿನಲ್ಲಿದ್ದ ದ ಗಾಲ್ ಅವರ ತಾತ್ಕಾಲಿಕ ಆಡಳಿತ ಹೊರಡಿಸಿದ ಆಜ್ಞೆಯಿಂದ ಅವರಿಗೆ ಮತ ಬಂದದ್ದು. ಕ್ರಾಂತಿ ಮಾಡಿ ರಾಜನ ತಲೆ ತೆಗೆದ ದೇಶ ಹೆಂಗಸಿಗೆ ಚೀಟಿ ಕೊಡಲು ಅಷ್ಟು ಕಾಲ ತೆಗೆದುಕೊಂಡಿತು. ಕೆಳಮನೆ ಒಪ್ಪಿದಾಗಲೂ ಸೆನೆಟ್ ತಡೆಯುತ್ತಿತ್ತು. ಹೆಂಗಸರಿಗೆ ಮತ ಕೊಟ್ಟರೆ ಪಾದ್ರಿ ಹೇಳಿದ ಕಡೆ ಹಾಕಿ ಗಣರಾಜ್ಯವನ್ನೇ ಮುಳುಗಿಸುತ್ತಾರೆ ಎಂಬುದು ಅಲ್ಲಿನ ಹಿರಿಯರ ಭಯ. ನಮ್ಮ ಮಂಗಳೂರು, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ ಇದ್ದವಷ್ಟೆ? ಆ ಎರಡೂ ಪ್ರಾಂತ್ಯಗಳಲ್ಲಿ ಆಸ್ತಿ ಇದ್ದ ಕೆಲವೇ ಹೆಂಗಸರಿಗಾದರೂ 1921ರಲ್ಲೇ ಮತದ ಹಕ್ಕು ಸಿಕ್ಕಿತ್ತು. ಇರಲಿ, ಹೇಳಬೇಕಾದದ್ದು ಇದು: 2002ರಲ್ಲಿ ಲ ಪೆನ್‌ಗೆ ಗಂಡಸರಷ್ಟು ಪ್ರಮಾಣದಲ್ಲಿ ಹೆಂಗಸರು ಮತ ಹಾಕಲಿಲ್ಲ. ಗಣರಾಜ್ಯ ಮುಳುಗಿಸುತ್ತಾರೆ ಎಂದ ಸೆನೆಟರುಗಳು ಅದನ್ನು ನೋಡಲು ಇರಲಿಲ್ಲ.

ಆ ಹದಿನಾರು ಜನರಲ್ಲಿ ನಾಲ್ವರು ಹೆಂಗಸರು. ಅರ್ಲೆತ್ ಲಗಿಯೇ ಬ್ಯಾಂಕಿನ ನೌಕರಿಯಲ್ಲಿದ್ದವರು, 1974ರಲ್ಲಿ ಫ್ರಾನ್ಸಿನ ಅಧ್ಯಕ್ಷ ಪದವಿಗೆ ನಿಂತ ಮೊಟ್ಟಮೊದಲ ಹೆಂಗಸು. ಈ ಸಲ ಅವರಿಗೆ 16 ಲಕ್ಷ ಮತ. ಎರಡನೆಯ ಸುತ್ತಿನಲ್ಲಿ ಶಿರಾಕರಿಗೆ ಹಾಕಿ ಎನ್ನಲು ಅವರು ಕಡೆಯವರೆಗೂ ಒಪ್ಪಲಿಲ್ಲ. ಇನ್ನೊಬ್ಬರು ಕ್ರಿಸ್ತಿಯಾನ್ ತೊಬಿರಾ, ದಕ್ಷಿಣ ಅಮೆರಿಕದಲ್ಲಿರುವ ಫ್ರೆಂಚ್ ಗಯಾನಾದ ಕಪ್ಪು ಹೆಂಗಸು. ಗುಲಾಮರ ವ್ಯಾಪಾರ ಮಾನವಕುಲದ ಮೇಲೆ ನಡೆದ ಅಪರಾಧವೆಂದು ಸಾರುವ 2001ರ ಕಾನೂನು ಅವರ ಹೆಸರಿನಲ್ಲೇ ಇದೆ. ಅವರಿಗೆ ಬಂದದ್ದು 6 ಲಕ್ಷ 60 ಸಾವಿರ ಮತ, ಅಂದರೆ ಜೋಸ್ಪಿನ್ ಸೋತ ಅಂತರಕ್ಕಿಂತ ಹೆಚ್ಚು. ಸರಿ, ಸೋಲಿನ ಗೂಬೆಯನ್ನು ತಂದು ಅವರ ತಲೆಯ ಮೇಲೆ ಕೂರಿಸಿದರು. ಜೋಸ್ಪಿನ್ ಸಂಪುಟದಲ್ಲೇ ಮಂತ್ರಿಯಾಗಿದ್ದ ಶೆವೆನ್ಮಾ ಅವರು 15 ಲಕ್ಷ ಮತ ಒಡೆದಿದ್ದರು. ಅವರನ್ನೂ ಬೈದರು, ಇಲ್ಲವೆನ್ನುವುದಿಲ್ಲ. ಆದರೆ ವರ್ಷಗಟ್ಟಲೆ, ಮುಂದೆ ಅವರು ನ್ಯಾಯಮಂತ್ರಿ ಆದಾಗಲೂ, ಏಪ್ರಿಲ್ 21 ಎಂದರೆ ತೊಬಿರಾ ಹೆಸರು ಏಳುತ್ತಲೇ ಇತ್ತು. ಮನೆ ಒಡೆದರೆ ಕಡೆಗೆ ಬಂದ ಸೊಸೆಯ ಕಾಲ್ಗುಣ ಎನ್ನುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ಲ ಪೆನ್ ಜೊತೆ ಟಿ.ವಿ. ಚರ್ಚೆಗೆ ಕೂರುವುದಿಲ್ಲವೆಂದು ಶಿರಾಕ್ ಹೇಳಿಬಿಟ್ಟರು. ಮೇ 5ರಂದು ಮತದಾನ. ಈ ಸಲ ಜನ ಮಲಗಿರಲಿಲ್ಲ, ನೂರಕ್ಕೆ ಎಂಬತ್ತರಷ್ಟು ಬಂದರು. ಶಿರಾಕ್‌ಗೆ ಶೇಕಡಾ 82.21. ಮೊದಲ ಸುತ್ತಿನಲ್ಲಿ 56 ಲಕ್ಷ ಮತ ಪಡೆದವರಿಗೆ ಈಗ 2 ಕೋಟಿ 55 ಲಕ್ಷ. ಲ ಪೆನ್‌ಗೆ 55 ಲಕ್ಷ. ಖಾಲಿ ಲಕೋಟೆ ಹಾಕಿದವರು, ಚೀಟಿ ಕೆಡಿಸಿದವರು ಸೇರಿ 17 ಲಕ್ಷ. ನಮ್ಮಲ್ಲಿ 2013ರಿಂದ ಯಂತ್ರದಲ್ಲಿ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಇದೆಯಲ್ಲ, ಅವರಿಗೆ ಅದೂ ಇರಲಿಲ್ಲ. ಖಾಲಿ ಚೀಟಿಯನ್ನೂ ಕೆಟ್ಟ ಚೀಟಿಯನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತಿದ್ದರು.

ತಡೆಯಬೇಕಾದವನನ್ನು ತಡೆದಾಯಿತು. ಅದು ಸಣ್ಣ ಕೆಲಸವಲ್ಲ, ಆ ದಿನ ಅಲ್ಲಿದ್ದರೆ ನಾನೂ ಸಾಲಿನಲ್ಲಿ ನಿಲ್ಲುತ್ತಿದ್ದೆ. ಆದರೆ ಆಮೇಲೆ ಏನಾಯಿತು ನೋಡಿ. ಆ ಎರಡು ಕೋಟಿಯಷ್ಟು ಎರವಲು ಮತಗಳಿಗೆ ಹೊಸ ಸರ್ಕಾರದಲ್ಲಿ ಜಾಗ ಸಿಗಲಿಲ್ಲ. ಶಿರಾಕ್ ತಮ್ಮ ಬಲಪಕ್ಷದ ರಫರಾನ್ ಅವರನ್ನು ಪ್ರಧಾನಿ ಮಾಡಿದರು. ಜೂನ್ ತಿಂಗಳ ಸಂಸತ್ ಚುನಾವಣೆಯಲ್ಲಿ ಅವರದೇ ಪಕ್ಷಕ್ಕೆ ಬಹುಮತ ಬಂತು. ಎಡಪಕ್ಷದವರು ಮೂಗು ಹಿಡಿದುಕೊಂಡು ಕೊಟ್ಟ ಚೀಟಿಯನ್ನು ಯಾರೂ ಸಾಲವೆಂದು ಬರೆದಿಡಲಿಲ್ಲ. ಪೇಡೆ ಹಂಚಿ ಮುಗಿದಿತ್ತು.

ಲ ಪೆನ್ 2025ರ ಜನವರಿಯಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಮಗಳು ಮರೀನ್ ಎರಡು ಸಲ ಕೊನೆಯ ಸುತ್ತು ಮುಟ್ಟಿ ಸೋತಿದ್ದರು, ಎರಡು ಸಲವೂ ಮ್ಯಾಕ್ರಾನ್ ಎದುರು. ಅಪ್ಪನನ್ನು ದೂರವಿಟ್ಟಿದ್ದ ಹೆಂಗಸರು ಮಗಳನ್ನು ಅಷ್ಟು ದೂರವಿಡಲಿಲ್ಲ. ಗಂಡಸರ ಹೆಂಗಸರ ನಡುವಿನ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ತಡೆಯಲು ಬಂದ ಮತ 2002ರಲ್ಲಿ ಶೇಕಡಾ 82 ಇದ್ದದ್ದು 2017ರಲ್ಲಿ 66ಕ್ಕೆ, 2022ರಲ್ಲಿ 58.5ಕ್ಕೆ ಇಳಿಯಿತು. 2017ರ ಕೊನೆಯ ಸುತ್ತಿನಲ್ಲಿ ಖಾಲಿ ಮತ್ತು ಕೆಟ್ಟ ಮತ ಸೇರಿ 40 ಲಕ್ಷ ದಾಟಿದವು. ಅಷ್ಟರಲ್ಲಿ ಅವನ್ನು ಬೇರೆ ಬೇರೆ ಎಣಿಸುವ ನಿಯಮ ಬಂದಿತ್ತು, ಹಾಗಾಗಿ ಗೊತ್ತಾಯಿತು. ಅವುಗಳಲ್ಲಿ 30 ಲಕ್ಷ ಮಂದಿ ಮನೆಯಿಂದ ಹೊರಟು, ಸಾಲಿನಲ್ಲಿ ನಿಂತು, ಪರದೆಯ ಮರೆಗೆ ಹೋಗಿ, ಯಾರ ಹೆಸರೂ ಇಲ್ಲದ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗಿದ್ದರು.