ಈರಮ್ಮನ ಮಗ್ಗುಲಿನ ದನಿಗಳು

ಬಳ್ಳಾರಿ ಸೀಮೆಯ ದರೋಜಿಯ ಬುರ್ರಕಥೆ (ಮೇಳದೊಡನೆ ಹಾಡಿ ಹೇಳುವ ಕಥನಕಲೆ) ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಸಂದಿತು. ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿ, ಓದುಬರಹ ಕಲಿಯದೆಯೇ 12 ಜನಪದ ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಹೆಣ್ಣುಮಗಳು ಆಕೆ. ಅಚ್ಚಿಗಿಳಿಸಿದರೆ ಅವು ಸುಮಾರು 7,000 ಪುಟಗಳಾಗುತ್ತವೆ. ಆಕೆಗೆ ಸಂದ ಮನ್ನಣೆಯಲ್ಲಿ ಒಂದು ಕಾಳಿನಷ್ಟೂ ಹೆಚ್ಚಿಲ್ಲ. ಆದರೆ ಆ ಕಾವ್ಯಗಳಲ್ಲೊಂದಾದ ಕುಮಾರರಾಮನ ಕಥೆಯನ್ನು ಈರಮ್ಮ ಒಬ್ಬರೇ ಹಾಡಿದವರಲ್ಲ. ಒಡಹುಟ್ಟಿದ ಶಿವಮ್ಮ ಮತ್ತು ಮನೆಯವರೇ ಆದ ಪಾರ್ವತಮ್ಮ ಮಗ್ಗುಲಲ್ಲಿ ನಿಂತು ದನಿಗೂಡಿಸುತ್ತಿದ್ದರು. ಆ ಕಾವ್ಯಗಳ ಕರ್ತೃತ್ವದಲ್ಲಿ ಈ ಇಬ್ಬರಿಗೂ ಪಾಲಿದೆ ಎಂಬುದು ನನ್ನ ವಾದ.

ಹಿಮ್ಮೇಳದವರು ಕೊನೆಯ ಸಾಲನ್ನು ಎತ್ತಿ ಹಾಡುತ್ತಾರೆ ಅಷ್ಟೆ, ಕಟ್ಟುವವಳು ಮುಮ್ಮೇಳದವಳೇ ಎನ್ನುವವರಿದ್ದಾರೆ. ಬರೆದಿಟ್ಟ ಪದ್ಯವನ್ನು ಒಪ್ಪಿಸುವಲ್ಲಿ ಅದು ನಿಜವಾದೀತು. ಬುರ್ರಕಥೆಯ ಸಾಲು ಹುಟ್ಟುವುದೇ ಹಾಡುವ ಹೊತ್ತಿನಲ್ಲಿ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದ ಗಾಯಕರನ್ನು ಧ್ವನಿಮುದ್ರಿಸಿಕೊಂಡು, ಮೌಖಿಕ ಕಾವ್ಯ ಸಿದ್ಧ ನುಡಿಗಟ್ಟುಗಳಿಂದ ಆ ಕ್ಷಣಕ್ಕೆ ಕಟ್ಟಿಕೊಳ್ಳುತ್ತದೆಂದು ತೋರಿಸಿದ. ಅವನ ಕಣ್ಣಮುಂದೆ ಇದ್ದದ್ದು ಒಂಟಿ ಗಾಯಕ, ಒಂದು ತಂತಿವಾದ್ಯ. ಬುರ್ರಕಥೆಯಲ್ಲಿ ಪಕ್ಕದವರು ‘ತಂದಾನ’ ಎಂದು ಸಾಲನ್ನು ತುಂಬುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ, ಹೂಂಗುಟ್ಟುತ್ತಾರೆ. ಆ ಎರಡು ಉಸಿರಿನ ಬಿಡುವಿನಲ್ಲೇ ಕಥೆಗಾರ್ತಿಯ ಮುಂದಿನ ಸಾಲು ಸಿದ್ಧವಾಗುವುದು. ಕಥೆ ಎಲ್ಲಿ ಹಿಗ್ಗಬೇಕು, ಎಲ್ಲಿ ಹಾರಬೇಕು ಎಂಬುದನ್ನು ಆ ಪ್ರಶ್ನೆಗಳೂ ತೀರ್ಮಾನಿಸುತ್ತವೆ. ವರ್ಷಗಟ್ಟಲೆ ಒಂದೇ ಒಲೆಯ ಅನ್ನ ಉಂಡವರಿಗೆ ಆ ಬಿಡುವಿನ ಅಳತೆ ಗೊತ್ತಿರುತ್ತದೆ. ಬಾಡಿಗೆಗೆ ಬಂದ ಜೊತೆಗಾರ್ತಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ.

ಬುರ್ರಕಥೆ ತೆಲುಗರದು, ಕನ್ನಡದ ಚರಿತ್ರೆಯಲ್ಲಿ ಅದಕ್ಕೇಕೆ ಇಷ್ಟು ಜಾಗ ಎಂಬ ಆಕ್ಷೇಪವೂ ಇದೆ. ಗಡಿಸೀಮೆಯ ಬದುಕನ್ನು ಬಲ್ಲವರು ಹೀಗೆ ಕೇಳಲಾರರು. ಕೋಲಾರದ ಚಿನ್ನದ ಗಣಿ ಬೆಳೆಸಿದ ಆಂಡರ್ಸನ್‌ಪೇಟೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಅಲ್ಲಿನ ಹಾಡನ್ನು ಒಂದೇ ಭಾಷೆಯ ಖಾತೆಗೆ ಬರೆಯಲು ಹೊರಟರೆ ಹಾಡೇ ಉಳಿಯುವುದಿಲ್ಲ. ದರೋಜಿಯೂ ಅಂಥದೇ ನೆಲ. ಈರಮ್ಮ ಹಾಡಿದ ಕುಮಾರರಾಮನಂತೂ ಕನ್ನಡ ನಾಡಿನ ಕುಮ್ಮಟದುರ್ಗದ ವೀರ. 2014ರಲ್ಲಿ ಆಕೆ ತೀರಿಕೊಂಡರು. ಆಕೆಯ ಕಾವ್ಯಗಳನ್ನು ಇನ್ನು ಮುಂದೆ ಅಚ್ಚು ಮಾಡುವವರು ಪಕ್ಕದ ದನಿಯ ಪ್ರಶ್ನೆಗಳನ್ನೂ ಹೂಂಗುಟ್ಟುವಿಕೆಯನ್ನೂ ಪಠ್ಯದೊಳಗೇ ಇಡಲಿ, ಮುಖಪುಟದಲ್ಲಿ ಮೂವರ ಹೆಸರನ್ನೂ ಹಾಕಲಿ.