ಬೇಸಿಗೆ ರಜೆಯಲ್ಲಿ ಮಕ್ಕಳ ಓದು: ಕೊಳ್ಳೇಗಾಲ, ಹನೂರು, ಯಳಂದೂರು

ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ ಬೇಸಿಗೆ ರಜೆ. ಈ ಅವಧಿಯಲ್ಲಿ ಪುಸ್ತಕವನ್ನೇ ಮುಟ್ಟದ ಮಗು ಮರಳಿ ತರಗತಿಗೆ ಬಂದಾಗ ಒತ್ತಕ್ಷರಗಳಲ್ಲಿ ತಡವರಿಸುವುದುಂಟು. ಆದರೆ ಈ ನಷ್ಟ ಎಲ್ಲ ಮಕ್ಕಳಿಗೂ ಸಮನಲ್ಲ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ರಜೆಯಲ್ಲಿ ಓದಿನ ಸಾಮರ್ಥ್ಯ ಕುಗ್ಗುವುದು ಮುಖ್ಯವಾಗಿ ಬಡ ಕುಟುಂಬಗಳ ಮಕ್ಕಳಲ್ಲಿ.

ಕೋವಿಡ್ ಕಾಲದ ಶಾಲಾ ಮುಚ್ಚುಗಡೆ ರಜೆಗಿಂತ ಬಹಳ ದೀರ್ಘವಾದುದು. ಆದರೂ ಅದು ಕಲಿಸಿದ ಪಾಠ ಇದೇ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2ರಿಂದ 6ನೇ ತರಗತಿಯ ಶೇ 92ರಷ್ಟು ಮಕ್ಕಳು ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಮನೆಮಾತು, ಪುಸ್ತಕದ ಮಾತು

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ, ತಮಿಳುನಾಡಿಗೆ ಹೊಂದಿಕೊಂಡ ಹನೂರಿನ ಕೆಲವು ಹಳ್ಳಿಗಳಲ್ಲಿ ತಮಿಳು ಮನೆಮಾತಾಗಿವೆ. ಇಂಥ ಮಕ್ಕಳ ಕಿವಿಗೆ ಪಠ್ಯದ ಕನ್ನಡ ಬೀಳುವುದು ಹೆಚ್ಚಾಗಿ ಶಾಲೆಯಲ್ಲಿಯೇ. ಶಾಲೆ ಮುಚ್ಚಿದರೆ ಓದಿನೊಡನೆ ಆ ಭಾಷೆಯ ಬಳಕೆಯೂ ನಿಲ್ಲುತ್ತದೆ.

ಏನು ಮಾಡಬಹುದು?

* ಗ್ರಂಥಾಲಯ: 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ರಜೆಗೆ ಮುನ್ನವೇ ಹೆಸರು ನೋಂದಾಯಿಸುವುದು ಒಳಿತು.

* ಗಟ್ಟಿಯಾಗಿ ಓದು: ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಸಾಕು. ಅಕ್ಷರ ಬಾರದ ತಂದೆತಾಯಿಯರೂ ಕುಳಿತು ಕೇಳಬಹುದು. ಓದಿದ್ದನ್ನು ಮನೆಮಾತಿನಲ್ಲಿ ಹೇಳಿಸಬಹುದು.

* ಗೊತ್ತಿರುವ ಕಥೆ: ಕಂಸಾಳೆಯವರು ಹಾಡುವ ಮಲೆ ಮಹದೇಶ್ವರರ ಕಥೆ, ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆ ಈ ಸೀಮೆಯ ಮಕ್ಕಳಿಗೆ ಹೊಸದಲ್ಲ. ಮಗು ಹೇಳಿದ ಪ್ರಸಂಗವನ್ನು ದೊಡ್ಡವರು ಅದರ ಮಾತಿನಲ್ಲೇ ನಾಲ್ಕು ಸಾಲು ಬರೆದುಕೊಟ್ಟರೆ, ಅದೇ ಮೊದಲ ಓದುಪುಸ್ತಕವಾಗುತ್ತದೆ. ಅರ್ಥ ಮೊದಲೇ ತಿಳಿದಿರುವುದರಿಂದ ಅಕ್ಷರ ಗುರುತಿಸುವುದು ಸುಲಭ.

* ತಕ್ಕ ಪುಸ್ತಕ: ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಗಳಲ್ಲಿ ಮಗು ಎಡವಿದರೆ ಇನ್ನೂ ಸರಳವಾದ ಪುಸ್ತಕ ಕೊಡಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಹಂತವಾರು ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ರಜೆಯ ಓದು ಪರೀಕ್ಷೆಯ ಸಿದ್ಧತೆಯಾಗಬಾರದು. ಪ್ರಶ್ನೋತ್ತರ ಬರೆಸುವುದಕ್ಕಿಂತ, ಮಗು ತಾನೇ ಆರಿಸಿದ ಪುಸ್ತಕವನ್ನು ಪ್ರತಿದಿನ ಸ್ವಲ್ಪ ಓದುವಂತೆ ನೋಡಿಕೊಳ್ಳುವುದೇ ಹೆಚ್ಚು ಫಲಕಾರಿ.